ಕೊನೆಯಲ್ಲಿ ನೀರು ಕುಡಿಯುತ್ತಿದ್ದ ಟೀಚರ್

ಕಾಟನ್ ಸೀರೆಯ ಕೆಳಗೆ ಗಂಡಸರು ಹಾಕುವಂಥ ಕಂದು ಕ್ಯಾನ್‌ವಾಸ್ ಬೂಟು. ಅದನ್ನು ಹಾಕಿಕೊಳ್ಳುವ ಮೊದಲು ತಲೆಕೆಳಗು ಹಿಡಿದು, ಹೊಸಿಲಿಗೆ ಟಕ್ ಟಕ್ ಎಂದು ಕುಟ್ಟಿ, ಒಳಗೊಮ್ಮೆ ಇಣುಕಿ ನೋಡಿ, ಆಮೇಲೆಯೇ ಕಾಲು ತೂರಿಸುವುದು. ಕುವೈತಿನ ಸಾಲ್ಮಿಯಾದಲ್ಲಿ ನಾವಿದ್ದ ಕಟ್ಟಡದ ಮೇಲಂತಸ್ತಿನಲ್ಲಿ, ಎದುರು ಮನೆಯಿಂದ ಆ ಸದ್ದು ಕೇಳಿದರೆ ಟೀಚರ್ ಶಾಲೆಗೆ ಹೊರಟರು ಎಂದು ತಿಳಿದು ನಾನು ಕುಕ್ಕರ್ ಇಡುತ್ತಿದ್ದೆ.

"ಚೇಳು ಹುಡುಕ್ತೀರಾ ಟೀಚರ್? ಲಿಫ್ಟ್ ಹತ್ತಿ ಬಂದಿರತ್ತಾ?" ಎಂದು ನಮ್ಮ ಯಜಮಾನರು ಕಿಚಾಯಿಸುವರು.

"ಬರುವುದಿಲ್ಲ ಅಂತ ಅದು ನಿಮಗೆ ಹೇಳಿಕಳಿಸಿದೆಯಾ?" ಎಂದು ಅವರು ಬಾಗಿದ ಬೆನ್ನು ಎತ್ತದೆಯೇ ಉತ್ತರಿಸುವರು.

ಅದು ಆಫ್ರಿಕಾದ ಅಭ್ಯಾಸ. ಉಡುಪಿಯ ಕಡೆಯ ಟೀಚರ್, ಮದುವೆಯ ಗೊಡವೆಗೆ ಹೋಗದೆ, ಕುವೈತಿಗೆ ಬರುವ ಮೊದಲು ಜಾಂಬಿಯಾದ ಶಾಲೆಯೊಂದರಲ್ಲಿ ಬಹುಕಾಲ ಗಣಿತ ಕಲಿಸಿದ್ದರು. ಅಲ್ಲಿ ದೊಡ್ಡ ರಜೆ ಬಂದರೆ ಊರಿಗೆ ಬರುವ ಬದಲು ಸಫಾರಿ ಲಾರಿ ಹತ್ತುತ್ತಿದ್ದರಂತೆ. ಗುರುತಿಲ್ಲದ ಹತ್ತಾರು ಜನ, ಹಿಂದೆ ಡೇರೆ, ಪಾತ್ರೆ, ನೀರಿನ ಕ್ಯಾನು. ಜಿಂಬಾಬ್ವೆ, ಬೋಟ್ಸ್ವಾನಾ ಎಂದು ವಾರಗಟ್ಟಲೆ ನೆಲದ ಮೇಲೆಯೇ ಪ್ರಯಾಣ, ಸಂಜೆ ಎಲ್ಲಿ ನಿಂತರೆ ಅಲ್ಲೇ ಬಿಡಾರ. ಚೋಬೆ ನದಿಯ ಹತ್ತಿರ ಆನೆಗಳು ಡೇರೆಗಳ ನಡುವೆಯೇ ನಡೆದುಹೋದದ್ದನ್ನು ಅವರು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು: "ಹಗ್ಗವನ್ನು ತುಳಿಯುವುದಿಲ್ಲ ಮಾರಾಯ್ತಿ. ಕಾಲು ಎತ್ತಿ ದಾಟ್ತದೆ. ನಮ್ಮ ಶಾಲೆಯ ಹುಡುಗರಿಗೆ ಅಷ್ಟು ನಾಜೂಕಿಲ್ಲ." ಬೋಟ್ಸ್ವಾನಾದ ಉಪ್ಪಿನ ಬಯಲಿನ ಬಗ್ಗೆ ಹೇಳುವಾಗ ಮಾತ್ರ ದನಿ ತಗ್ಗುತ್ತಿತ್ತು. ಎತ್ತ ನೋಡಿದರೂ ಬಿಳುಪು, ಮರವಿಲ್ಲ, ನೆರಳಿಲ್ಲ. "ಅಲ್ಲಿ ನಿಂತರೆ ದೇವರಿಗೆ ನಾವು ಸರಿಯಾಗಿ ಕಾಣ್ತೇವೆ ಅಂತ ಅನಿಸ್ತದೆ." ದೇವಸ್ಥಾನಕ್ಕೆ ಹೋಗದ ಹೆಂಗಸಿನ ಬಾಯಲ್ಲಿ ಈ ಮಾತು ಕೇಳಿ ನಾನು ಮೆಣಸಿನಕಾಯಿ ಹೆಚ್ಚುವುದನ್ನು ನಿಲ್ಲಿಸಿದ್ದೆ.

ಆ ಬೇಸಿಗೆಯಲ್ಲಿ ನನಗೆ ಹೆಣ್ಣುಮಗು ಹುಟ್ಟಿತ್ತು. ತಾಯಿ ಇಲ್ಲದ ನನ್ನ ಬಾಣಂತನಕ್ಕೆಂದು ನಮ್ಮ ಅತ್ತೆ ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದರು. ಅತ್ತೆಯದು ಕಟ್ಟುನಿಟ್ಟಿನ ಮಡಿ. ಸ್ನಾನ ಮಾಡಿ ತಾವೇ ತಂಬಿಗೆಯಲ್ಲಿ ಹಿಡಿದಿಟ್ಟ ನೀರನ್ನಲ್ಲದೆ ಬೇರೆ ನೀರು ಕುಡಿಯುತ್ತಿರಲಿಲ್ಲ. ಹೆತ್ತ ಮಗನೇ ತಂಬಿಗೆ ಮುಟ್ಟಿದರೂ ಆ ನೀರು ಗಿಡಕ್ಕೆ. ಅದುವರೆಗೆ ನಮ್ಮ ಅಡುಗೆಮನೆಯವರೆಗೂ ಬರುತ್ತಿದ್ದ, ಮೀನು ತಿನ್ನುವ ಎದುರು ಮನೆಯ ಟೀಚರನ್ನು ಹೊಸಿಲಿನಾಚೆ ನಿಲ್ಲಿಸಿಯೇ ಮಾತಾಡಿಸುತ್ತಿದ್ದರು. ಟೀಚರ್ ಬೇಸರಿಸಿಕೊಳ್ಳಲಿಲ್ಲ, ಹೊಸಿಲನ್ನು ದಾಟಲೂ ಇಲ್ಲ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಯಜಮಾನರು ಕೆಲಸ ಮಾಡುತ್ತಿದ್ದ ಶುವೈಖಿನ ಕಂಪನಿಗೆ ಬೀಗ ಬಿತ್ತು, ವೀಸಾ ಕೊಡಿಸಿದ್ದ ಅರಬ್ ಮಾಲೀಕ ಕಫೀಲ್ ಎಲ್ಲಿಗೆ ಹೋದನೋ ಯಾರಿಗೂ ತಿಳಿಯಲಿಲ್ಲ. ಟೀಚರ್ ರಜೆಗೆ ಕಾದಿರಿಸಿದ್ದ ವಿಮಾನವೂ ಹಾರಲಿಲ್ಲ. ಆ ದಿನಗಳ ದೇವರ ಉಪಕಾರಗಳನ್ನು ನಾನು ಈಗಲೂ ದೀಪ ಹಚ್ಚುವಾಗ ನೆನೆಯುತ್ತೇನೆ. ನಲ್ಲಿಯಲ್ಲಿ ನೀರು ನಿಲ್ಲಲಿಲ್ಲ. ನನಗೆ ಹಾಲು ಬತ್ತಲಿಲ್ಲ. ಬೇಕರಿಯ ಸಾಲಿನಲ್ಲಿ ನಿಂತ ಯಜಮಾನರು ದಿನವೂ ಮನೆಗೆ ಮರಳಿದರು.

ಇರಾಕನ್ನು ದಾಟಿ ಜೋರ್ಡಾನಿಗೆ ಹೋದರೆ ಅಮ್ಮಾನಿನಿಂದ ವಿಮಾನ ಸಿಗುತ್ತದೆ ಎಂಬ ಸುದ್ದಿ ಬಂದಾಗ ಕಟ್ಟಡದವರೆಲ್ಲ ಸೇರಿ ಒಂದು ಬಸ್ಸು ಗೊತ್ತುಮಾಡಿದೆವು. ಎಲ್ಲರೂ ಸೂಟ್‌ಕೇಸು ತುಂಬುತ್ತಿದ್ದರೆ ಟೀಚರ್ ಯಜಮಾನರನ್ನು ಶುವೈಖಿನ ಗ್ಯಾರೇಜುಗಳಿಗೆ ಕರೆದುಕೊಂಡು ಹೋಗಿ ಟಾರ್ಪಾಲು, ಹಗ್ಗ, ಅಗಲವಾದ ಹಲಗೆಗಳು ಮತ್ತು ಮುಚ್ಚಳವಿರುವ ದೊಡ್ಡ ನೀರಿನ ಕ್ಯಾನುಗಳನ್ನು ತಂದರು. ಬಸ್ಸಿನ ಬಾಗಿಲಲ್ಲಿ ನಿಂತು ಮಿಕ್ಸಿ, ಟೀವಿಗಳನ್ನು ವಾಪಸು ಕಳಿಸಿದರು.

"ಇದೇನು ಪಿಕ್‌ನಿಕ್ಕಾ ಟೀಚರ್?" ಎಂದು ಯಾರೋ ರೇಗಿದರು.

"ಪಿಕ್‌ನಿಕ್ಕಿಗಾದರೆ ಟೀವಿ ತರಬಹುದಿತ್ತು. ಇದು ಸಫಾರಿ. ಸಾಮಾನು ಕಡಿಮೆ, ನೀರು ಜಾಸ್ತಿ."

ಹತ್ತಿದವರಿಗೆಲ್ಲ ಒಂದೊಂದು ಕೆಲಸ ಹಂಚಿದರು. ಯಜಮಾನರಿಗೆ ಟಾರ್ಪಾಲು ಕಟ್ಟುವುದು, ಬಿಚ್ಚುವುದು. ಬಸ್ಸು ಹೊರಡುವ ಮೊದಲು ಪ್ರತಿ ಸಲ ತಲೆ ಎಣಿಸುವುದು ನನಗೆ. "ಟೀಚರ್, ಕಂಕುಳಲ್ಲಿ ಕೂಸಿದೆ" ಎಂದೆ. "ಎಣಿಸುವುದು ಬಾಯಿಯಲ್ಲಿ ಅಲ್ವಾ? ಕೆಲಸ ಇದ್ದವರಿಗೆ ಹೆದರಲಿಕ್ಕೆ ಪುರುಸೊತ್ತು ಇರುವುದಿಲ್ಲ" ಎಂದರು. ಅದು ನಿಜವೆಂದು ಬಸ್ರಾ ದಾಟುವುದರೊಳಗೆ ನನಗೆ ಗೊತ್ತಾಯಿತು.

ಅತ್ತೆಗೆ ಮಾತ್ರ ಕೆಲಸ ಕೊಡಲಿಲ್ಲ. ಅತ್ತೆಯೂ ಕೇಳಲಿಲ್ಲ. ಕಿಟಕಿಯ ಪಕ್ಕ ಜಪಮಣಿ ಹಿಡಿದು ಕೂತು, ಹೊರಡುವಾಗಲೇ ಹೇಳಿಬಿಟ್ಟಿದ್ದರು: "ದಾರೀಲಿ ನಾನು ಏನೂ ಮುಟ್ಟಲ್ಲ ಕಣೇ. ಸ್ನಾನ ಇಲ್ಲ, ಮಡಿ ಇಲ್ಲ. ಉಪವಾಸ ನನಗೇನು ಹೊಸದಾ? ಊರಿಗೆ ಹೋಗಿ ತೀರ್ಥ ತಗೊಂಡ್ರೆ ಆಯ್ತು."

ಏಕಾದಶಿಯ ಉಪವಾಸ ಬೇರೆ, ಆಗಸ್ಟಿನ ಇರಾಕ್ ಬೇರೆ. ಕಿಟಕಿಯಿಂದ ಬರುವ ಗಾಳಿ ಒಲೆಯ ಬಾಯಿಂದ ಬಂದಂತೆ ಇತ್ತು. ಮೊದಲ ದಿನದ ಹೊತ್ತು ಇಳಿಯುವಷ್ಟರಲ್ಲಿ ಅತ್ತೆಯ ತುಟಿ ಸೀಳಿ, ನಾಲಿಗೆ ತಡವರಿಸಲು ಶುರುವಾಯಿತು. ಯಜಮಾನರು ಕಾಲಿಗೆ ಬಿದ್ದು ಬೇಡಿಕೊಂಡರು. "ಎಲ್ಲರೂ ಲೋಟ ಅದ್ದಿದ ನೀರು ನನಗೆ ಬೇಡಪ್ಪಾ" ಎಂದು ಅತ್ತೆ ಮುಖ ತಿರುಗಿಸಿದರು. ಹೀಗೇ ಮುಂದುವರಿದರೆ ಗಡಿ ಮುಟ್ಟುವುದರೊಳಗೆ ಅತ್ತೆ ನಮ್ಮ ಕೈಬಿಡುತ್ತಾರೆ ಎಂಬುದು ನಮ್ಮಿಬ್ಬರಿಗೂ ತಿಳಿದಿತ್ತು, ಅತ್ತೆಗೂ ತಿಳಿದಿತ್ತು. ಬಸ್ಸು ಯಾರಿಗೂ ಕಾಯುವಂತಿರಲಿಲ್ಲ. ಮಂತ್ರಾಲಯದ ರಾಯರನ್ನು ನೆನೆಯುತ್ತಾ ಮಗುವನ್ನು ಎದೆಗೊತ್ತಿಕೊಂಡು ಕೂತೆ.

ಟೀಚರ್ ಇದನ್ನು ಹಿಂದಿನ ಸೀಟಿನಿಂದ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ದಾರಿಯ ಪಕ್ಕ ಒಂದು ಪೈಪಿನಲ್ಲಿ ನೀರು ಬರುವ ಕಡೆ ಬಸ್ಸು ನಿಂತಿತು. ಕ್ಯಾನು ಹಿಡಿದು ಇಳಿಯುತ್ತಿದ್ದ ಜನವನ್ನು ತಡೆದು ಅವರು ಅತ್ತೆಯ ಮುಂದೆ ಬಂದು ನಿಂತರು.

"ಅಮ್ಮಾ, ನಿಮಗೆ ಕೆಲಸ ಉಂಟು."

ಅತ್ತೆ ಕಣ್ಣು ತೆರೆದರು.

"ಉಪ್ಪಿನ ಬಯಲಿನಲ್ಲಿ ಒಂದು ಸಲ ನಮ್ಮ ಲಾರಿಯವರೆಲ್ಲ ಅವರವರ ಲೋಟ ಕ್ಯಾನಿಗೆ ಅದ್ದಿದ್ರು. ಎರಡು ದಿನದಲ್ಲಿ ಪೂರಾ ಲಾರಿಗೆ ಭೇದಿ. ಲಾರಿ ನಡೆಸ್ಲಿಕ್ಕೂ ಜನ ಇಲ್ಲ. ಆಮೇಲೆ ರೂಲ್ ಮಾಡಿದ್ದು: ನೀರಿಗೆ ಒಬ್ಬರದ್ದೇ ಕೈ. ಅದೂ ತೊಳೆದ ಕೈ. ಅವರೇ ತುಂಬಬೇಕು, ಅವರೇ ಮೇಲಿನಿಂದ ಹೊಯ್ದು ಕೊಡಬೇಕು. ಬೇರೆಯವರು ಮುಟ್ಟಿದರೆ ಚೆಲ್ಲುವುದು."

ಅತ್ತೆ ನೆಟ್ಟಗೆ ಕೂತರು. "ಇದು ಮಡಿ ಅಲ್ವೇನ್ರೀ?"

"ನಾವು ಕ್ಯಾಂಪಿನ ರೂಲ್ ಅಂತ ಹೇಳ್ತೇವೆ. ನೀವು ಎಂಥ ಬೇಕಾದ್ರೂ ಹೇಳಿ. ಈ ಬಸ್ಸಿನಲ್ಲಿ ಯಾರ ಕೈ ಆಗಬಹುದು ಅಂತ ನಿನ್ನೆಯಿಂದ ನೋಡ್ತಾ ಇದ್ದೆ. ನಿಮ್ಮದನ್ನು ಬಿಟ್ಟರೆ ಒಂದೂ ನಂಬುವ ಹಾಗಿಲ್ಲ."

ಅತ್ತೆ ಜಪಮಣಿಯನ್ನು ಸೊಂಟಕ್ಕೆ ಸಿಕ್ಕಿಸಿದರು. ನನ್ನ ಹೆಗಲು ಹಿಡಿದು ಬಸ್ಸು ಇಳಿದರು. ಪೈಪಿನ ನೀರನ್ನು ತಲೆಯ ಮೇಲೆ ಚಿಮುಕಿಸಿಕೊಂಡು, "ಹರಿಯೋ ನೀರಿಗೆ ಮೈಲಿಗೆ ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡು, ಕ್ಯಾನುಗಳನ್ನು ಮರಳಿನಿಂದ ಉಜ್ಜಿ ತೊಳೆದು ತಾವೇ ತುಂಬಿದರು. ಎತ್ತಿಡಲು ಬಂದ ಗಂಡಸರಿಗೆ ಹಿಡಿಕೆಯನ್ನು ಬಿಟ್ಟು ಬೇರೆಲ್ಲೂ ಕೈಯಿಡಕೂಡದು ಎಂದು ತಾಕೀತು ಮಾಡಿದರು. ಆಮೇಲೆ ತಮ್ಮ ತಂಬಿಗೆಗೆ ಬಗ್ಗಿಸಿಕೊಂಡು, ನಿಂತಲ್ಲೇ ಗಟಗಟ ಕುಡಿದರು. ಯಜಮಾನರು ಅತ್ತ ತಿರುಗಿ ಕಣ್ಣೊರೆಸಿಕೊಂಡರು. ನಾನು ತಲೆ ಎಣಿಸಿದೆ. ಎಲ್ಲರೂ ಇದ್ದರು.

ಅಲ್ಲಿಂದ ಬಸ್ಸಿನ ಯಜಮಾನಿಕೆ ಅತ್ತೆಯದು. ಕೂಗಿದವರಿಗೆ ಮೊದಲು ನೀರಿಲ್ಲ, ಸರದಿ ಬಂದವರಿಗೆ ಮೊದಲು. ಮಕ್ಕಳು, ಬಾಣಂತಿ, ಮುದುಕರು, ಆಮೇಲೆ ಉಳಿದವರು. ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಲೋಟಕ್ಕೆ ತಾಗದಂತೆ ಹೊಯ್ಯುವರು. ನಮ್ಮ ಹಳ್ಳಿಯ ಕಡೆ ಎಂಥವರಿಗೆ ಹಾಗೆ ಎತ್ತಿ ಹೊಯ್ಯುತ್ತಿದ್ದರೆಂದು ನನಗೆ ಗೊತ್ತು. ಇಲ್ಲಿ ಸ್ವಂತ ಮಗನಿಗೂ, ನನಗೂ, ನಮ್ಮ ಕಟ್ಟಡದ ಮಲಬಾರಿನ ಮುಸ್ಲಿಂ ಕಾಕಾನಿಗೂ, ಬಸ್ಸಿನ ಡ್ರೈವರನಿಗೂ ಒಂದೇ ಎತ್ತರದಿಂದ ಹೊಯ್ದರು. "ಯಲ್ಲಾ, ಮಾಮಾ, ಯಲ್ಲಾ" ಎಂದು ಡ್ರೈವರ್ ತನ್ನ ಅರಬ್ಬಿಯಲ್ಲಿ ಅಮ್ಮನೆಂದು ಕರೆದು ಅವಸರ ಮಾಡಿದರೆ, "ನಿನ್ನ ಯಲ್ಲಾ ಬಸ್ಸಿಗೆ ಹೇಳು" ಎಂದು ಕನ್ನಡದಲ್ಲೇ ಗದರುವರು.

ಟೀಚರದು ಯಾವಾಗಲೂ ಕೊನೆಯ ಸರದಿ. ಬಿಡಾರದ ಮುಂದಾಳು ಕೊನೆಯಲ್ಲಿ ಕುಡಿಯಬೇಕು ಎಂಬುದೂ ಅವರ ಸಫಾರಿಯ ಪದ್ಧತಿಯಂತೆ. ಅತ್ತೆ ಒಮ್ಮೆ ಕರೆದರೆ, "ಎಲ್ಲರದ್ದೂ ಆಯ್ತಾ?" ಎಂದು ಕೇಳಿ, ಆಗಿಲ್ಲವೆಂದರೆ ಬೂಟು ಕುಟ್ಟಿಕೊಂಡು ಹೋಗಿಬಿಡುವರು.

"ಇವಳ ಹಟ ನೋಡೇ" ಎಂದು ಅತ್ತೆ ನನ್ನ ಹತ್ತಿರ ಗೊಣಗುವರು. ಹಟದ ಬಗ್ಗೆ ಅತ್ತೆ ದೂರುವುದನ್ನು ಕೇಳಿ ನನಗೆ ಅಷ್ಟು ದಿನಗಳಲ್ಲಿ ಮೊದಲ ಸಲ ನಗು ಬಂತು.

ಜೋರ್ಡಾನಿನ ಗಡಿಯಲ್ಲಿ ಮರಳುಗಾಡಿನ ಮಧ್ಯೆ ಸಾವಿರಾರು ಜನ ಬಿದ್ದಿದ್ದರು. ನಮ್ಮ ಬಸ್ಸನ್ನೂ ಅಲ್ಲೇ ತಡೆದರು. ಟೀಚರ್ ಬಸ್ಸಿನ ಒಂದು ಮಗ್ಗುಲಿಗೆ ಟಾರ್ಪಾಲು ಕಟ್ಟಿಸಿ ಬಿಡಾರ ಮಾಡಿಸಿದರು. ದಾರಿಯಲ್ಲಿ ಬಸ್ಸು ಮರಳಿಗೆ ಹೂತಾಗ ಚಕ್ರಗಳ ಕೆಳಗೆ ತೂರಿಸಿದ್ದ ಹಲಗೆಗಳೇ ಅಲ್ಲಿ ಮಕ್ಕಳು ಮಲಗುವ ಮಂಚವಾದವು. ನೀರಿನ ಟ್ಯಾಂಕರ್ ಬಂದರೆ ಜನ ಬಕೆಟ್ಟು, ಚೊಂಬು, ಕೈ ಎಲ್ಲ ಅದ್ದಿ ನುಗ್ಗುತ್ತಿದ್ದರು. ಸುತ್ತಲಿನ ಬಿಡಾರಗಳಲ್ಲಿ ವಾಂತಿ ಭೇದಿಯಾಗಿ ಎಷ್ಟೋ ಜನ ಮಲಗಿದರು. ನಮ್ಮಲ್ಲಿ ಯಾರೂ ಹಾಗೆ ಮಲಗಲಿಲ್ಲ. ರಾಯರ ದಯೆ, ಅತ್ತೆಯ ಕೈ.

ಮಲಗಿದ್ದು ಟೀಚರ್ ಒಬ್ಬರೇ. ವಿಮಾನದ ಪಟ್ಟಿಗೆ ನಮ್ಮ ಬಸ್ಸಿನವರನ್ನು ಸೇರಿಸಲು ಅಧಿಕಾರಿಗಳ ಡೇರೆಯ ಮುಂದೆ ಬಿಸಿಲಲ್ಲಿ ನಿಂತು ನಿಂತು, ಒಂದು ಮಧ್ಯಾಹ್ನ ವಾಪಸು ಬರುವಾಗ ಟಾರ್ಪಾಲಿನ ನೆರಳು ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಕುಸಿದು ಕೂತು ಹಾಗೇ ಪಕ್ಕಕ್ಕೆ ವಾಲಿದರು. ಅತ್ತೆ ಆಗ ಮಕ್ಕಳಿಗೆ ಹೊಯ್ಯುತ್ತಿದ್ದರು. ಸರದಿಯನ್ನು ಅರ್ಧಕ್ಕೇ ಬಿಟ್ಟು, ತಂಬಿಗೆ ಹಿಡಿದು ಬಿಸಿಲಿಗೆ ಓಡಿದರು. ಅತ್ತೆ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನೆಲದ ಮೇಲೆ ಕೂತು, ಟೀಚರ ತಲೆಯನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಸೆರಗು ಒದ್ದೆ ಮಾಡಿ ಹಣೆ ಒರೆಸಿ, ತಾವು ಕುಡಿಯುವ ಆ ತಂಬಿಗೆಯನ್ನೇ ಅವರ ತುಟಿಗೆ ಹಚ್ಚಿದರು.

ಎರಡು ಗುಟುಕು ಇಳಿದ ಮೇಲೆ ಟೀಚರ್ ಕಣ್ಣು ಬಿಟ್ಟರು. "ಅಮ್ಮಾ… ಮಕ್ಕಳದ್ದು ಆಯ್ತಾ? ಸರದಿ ತಪ್ಪಿತು. ರೂಲ್ ಅಂದ್ರೆ ರೂಲ್."

"ಬಾಯಿ ಮುಚ್ಚಿಕೊಂಡು ಕುಡಿಯೇ" ಎಂದರು ಅತ್ತೆ.

"ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೆ ಅಂತ ನಮಗೆ ಕಲಿಸಲಿಲ್ಲ ಅಮ್ಮ."

ಸುತ್ತ ನಿಂತವರು ನಕ್ಕುಬಿಟ್ಟರು. ಅತ್ತೆಯೂ ನಕ್ಕರು, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ. ಆ ತಂಬಿಗೆಯನ್ನು ಅತ್ತೆ ಎಸೆಯಲಿಲ್ಲ. ತೊಳೆದು, ಉಳಿದ ಮಕ್ಕಳಿಗೆ ಅದರಲ್ಲೇ ಹೊಯ್ದರು.

ಅಮ್ಮಾನಿನಿಂದ ಬೊಂಬಾಯಿಗೆ ವಿಮಾನ ಸಿಕ್ಕಿತು. ಇಳಿದ ಮೇಲೆ ಟೀಚರ್ ಮಂಗಳೂರಿನ ಬಸ್ಸಿಗೆ, ನಾವು ಮೈಸೂರಿನ ರೈಲಿಗೆ ಹೊರಡಬೇಕಿತ್ತು. "ಅಮ್ಮಾ, ನಿಮ್ಮನ್ನು ಒಂದು ಸಲ ಬೋಟ್ಸ್ವಾನಾಕ್ಕೆ ಕರ್ಕೊಂಡು ಹೋಗ್ತೇನೆ. ಲಾರಿಯಲ್ಲಿ ನೀರಿನ ಕೆಲಸ ನಿಮಗೇ" ಎಂದರು.

"ಅಲ್ಲಿ ಆನೆಗೂ ನಾನೇ ಹೊಯ್ಯಬೇಕೇನೇ?"

"ಆನೆಗೆ ಬೇಡ. ಅದಕ್ಕೆ ಸರದಿ ಗೊತ್ತುಂಟು."

ಹೊಸಿಲಿನ ಆಚೆ ಈಚೆ ನಿಂತು ಮಾತಾಡುತ್ತಿದ್ದ ಇಬ್ಬರೂ ಆ ಗದ್ದಲದಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದರು. ಬಸ್ಸು ಹತ್ತುವ ಮೊದಲು ಟೀಚರ್ ಬೂಟು ಕಳಚಿ ಕುಟ್ಟಿದರು. ಒಂದಿಷ್ಟು ಮರಳು ಬಿತ್ತು. ಚೇಳು ಕುವೈತಿನಲ್ಲೂ ಬಿದ್ದಿರಲಿಲ್ಲ, ಮರಳುಗಾಡಿನಲ್ಲೂ ಬೀಳಲಿಲ್ಲ. ಬೀಳದೆ ಇದ್ದದ್ದನ್ನೂ ನಾನು ಉಪಕಾರಗಳ ಲೆಕ್ಕಕ್ಕೇ ಸೇರಿಸುತ್ತೇನೆ.

ಮರುವರ್ಷ ಯುದ್ಧ ಮುಗಿದು ಯಜಮಾನರು ಕುವೈತಿಗೆ ಮರಳಿದರು. ನಾನು ಮಗಳೊಂದಿಗೆ ಮೈಸೂರಿನಲ್ಲಿ ವೀಸಾಕ್ಕೆ ಕಾಯುತ್ತಿದ್ದೆ. ಟೀಚರ್ ಕೂಡ ಬರುತ್ತಾರೆ, ಮತ್ತೆ ಎದುರುಬದುರು ಮನೆ ಹಿಡಿಯೋಣ ಎಂದು ಫೋನಿನಲ್ಲಿ ಮಾತಾಗಿತ್ತು. ಅದಾದ ಸ್ವಲ್ಪ ದಿನಕ್ಕೆ ಅವರ ತಮ್ಮನ ಫೋನು ಬಂತು. ಬೆಳಿಗ್ಗೆ ವಾಕಿಂಗಿಗೆಂದು ಬೂಟು ಕುಟ್ಟಿ, ಹಾಕಿಕೊಳ್ಳಲು ಮೆಟ್ಟಿಲ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ, ಮತ್ತೆ ಏಳಲಿಲ್ಲ. ಒಂದು ಕಾಲಿಗೆ ಬೂಟು ಹಾಕಿ ಆಗಿತ್ತು.

ಅತ್ತೆ ಆಗಷ್ಟೇ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ದೇವರ ಪೂಜೆಗೆ ನೀರು ಹಿಡಿದು ತಂದಿದ್ದರು. ನಾನು ಸುದ್ದಿ ಹೇಳಿದೆ. ಅತ್ತೆ ಒಳಗೆ ಹೋಗಿ, ಬಸ್ಸಿನಲ್ಲಿ ನಮಗೆಲ್ಲ ಹೊಯ್ದ ತಂಬಿಗೆಯನ್ನು ತಂದು, ಪೂಜೆಯ ನೀರನ್ನು ಅದಕ್ಕೆ ಕಂಠದವರೆಗೆ ತುಂಬಿ, ನಮ್ಮ ಮನೆಯ ಹೊಸಿಲಿನ ಒಳಗೆ ಇಟ್ಟರು.

"ಯಾವಾಗಲೂ ಕೊನೇಲಿ ಕುಡೀತಿದ್ಲು ಕಣೇ" ಎಂದರು. "ಇವತ್ತು ಮೊದಲು ಅವಳಿಗೆ ಆಗಲಿ."

ಅಷ್ಟು ಹೊತ್ತು ದೇವರು ಕಾದರು.