ನನ್ನ ಮದುವೆಗೆ ಕುಂಟಿದ ಕುದುರೆ

ನಮ್ಮ ಸೀಮೆ ಮದ್ರಾಸನ್ನು ಬಿಟ್ಟು ಆಂಧ್ರಕ್ಕೆ ಸೇರಿದ ಹೊಸತರಲ್ಲಿ ನನ್ನ ಮದುವೆಯಾಯಿತು. ಹೊಳಗುಂದದ ಹತ್ತಿರದ ನಮ್ಮ ಊರಲ್ಲಿ ಆಗ ಇದ್ದದ್ದು ಒಂದೇ ಕುದುರೆ, ಅದೂ ನಮ್ಮ ತಾತನದು. ಹುಣಸೆಹಣ್ಣಿನ ಬಣ್ಣದ ಗಿಡ್ಡ ಹೆಣ್ಣು ಕುದುರೆ. ಎರೆಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟ ಕುರಿಮಂದೆಗಳನ್ನು ನೋಡಿಬರಲು ತಾತ ಅದನ್ನು ಸಾಕಿದ್ದ. ಊರಿನ ಪಾಲಿಗೆ ಮಾತ್ರ ಅದು ಮದುಮಗನ ಕುದುರೆ. ಯಾರ ಮನೆಯ ಮದುವೆಯೇ ಇರಲಿ, ಮದುಮಗ ಅದರ ಮೇಲೆ ಕೂತು ಹನುಮಪ್ಪನ ಗುಡಿಗೆ ಹೋಗಿ ಬರಬೇಕು. ನಮ್ಮ ಚಿಕ್ಕಪ್ಪಂದಿರಿಬ್ಬರೂ ಹಾಗೆ ಹೋಗಿ ಬಂದವರೇ. ನನ್ನ ಗಂಡನಾಗುವವನನ್ನೂ ಅದೇ ಹೊರಬೇಕು ಎಂದು ತಾತ ನಾನು ಲಂಗ ಉಡುತ್ತಿದ್ದಾಗಿನಿಂದಲೂ ಅನ್ನುತ್ತಿದ್ದ.

ನನ್ನ ಸಂಬಂಧ ಗೊತ್ತಾಗುವ ಹೊತ್ತಿಗೆ ಕುದುರೆಗೆ ಮುಪ್ಪು ಬಂದಿತ್ತು. ಹಿಂಗಾಲುಗಳಲ್ಲಿ, ಗೊರಸಿನ ಮೇಲಿನ ಗೆಣ್ಣಿನ ಹತ್ತಿರ, ನೆಲ್ಲಿಕಾಯಿಯಷ್ಟು ಗಂಟುಗಳೆದ್ದವು. ಹೆಜ್ಜೆ ಒಂದು ಚೂರು ಎಳೆಯತೊಡಗಿತು. ಕಟ್ಟೆಯ ಮೇಲೆ ಕೂತ ಹಿರಿಯನೊಬ್ಬ, "ಕಾದ ಕಬ್ಬಣದ್ಲೆ ಬರಿ ಹಾಕಿಸು, ಗಂಟು ಕರಗತಾವ" ಅಂದ. ತಾತನಿಗೆ ರೇಗಿತು.

"ನಿನ್ನ ಮಂಡೀಗೂ ಗಂಟು ಐತಲ್ಲೋ. ಮೊದ್ಲು ನಿನಗ ಹಾಕ್ತೀನಿ ಬಾ. ಕರಗಿದ್ರ ಆಮ್ಯಾಲೆ ಕುದುರಿಗೆ" ಅಂದ.

ಒತ್ತಿ ನೋಡಿದರೆ ಗಂಟು ಮೆತ್ತಗಿತ್ತು, ಬಿಸಿ ಇರಲಿಲ್ಲ. ತಾತ ದಿನಾ ಸಂಜೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುತ್ತಿದ್ದ. ಆಮೇಲೆ ಔಡಲ ಎಲೆಗೆ ಎಣ್ಣೆ ಸವರಿ, ಬಾಡಿಸಿ, ಅಜ್ಜಿಯ ಹಳೆ ಸೀರೆಯ ಚೂರಿನಿಂದ ಸುತ್ತುತ್ತಿದ್ದ. ಅಜ್ಜಿ ಬಿಡುತ್ತಾಳೆಯೇ? "ಇಷ್ಟು ವರ್ಷ ಬಾಳೇವು ಮಾಡೀನಿ, ನನ್ನ ಕಾಲು ಒಂದಿನ ಒತ್ತಿಲ್ಲ ಈ ಮುದುಕ. ನಾನೂ ಕುದುರಿಯಾಗೇ ಹುಟ್ಟಬೇಕಿತ್ತು" ಅನ್ನುತ್ತಲೇ ಎಲೆ ಹರಿದು ತಂದು ಕೊಡುತ್ತಿದ್ದಳು. ಆ ಸಂಜೆಗಳು ನನಗೆ ಈಗಲೂ ಬೇಕೆನಿಸುತ್ತವೆ. ಬಿಸಿ ಎಣ್ಣೆಯ ವಾಸನೆ, ಅಜ್ಜಿಯ ಗೊಣಗು, ಕೆಲಸ ಮುಗಿಸಿ ಎದ್ದ ತಾತನ ಹೆಗಲಿಗೆ ಮೂತಿ ತಿಕ್ಕುತ್ತಿದ್ದ ಕುದುರೆ.

ಗಂಟೇನೂ ಕರಗಲಿಲ್ಲ. ಆದರೆ ತಾತ ಒಂದು ಸಂಗತಿ ಕಂಡುಕೊಂಡ. ಗೂಟದಿಂದ ಬಿಚ್ಚಿದ ತಕ್ಷಣ ಕುಂಟುವ ಕುದುರೆ, ಮೆತ್ತನೆಯ ಎರೆನೆಲದಲ್ಲಿ ಸ್ವಲ್ಪ ಹೊತ್ತು ನಡೆಸಿದರೆ ಕಾಲು ಸಡಿಲಾಗಿ ನೆಟ್ಟಗೆ ನಡೆಯುತ್ತಿತ್ತು. ನಿಲ್ಲಿಸಿದರೆ ಮತ್ತೆ ಬಿಗಿ. ಮದುವೆಯ ದಿನ ಹೊಲದಲ್ಲಿ ನಡೆಸಿ, ಹಾಗೇ ತಂದು ಮದುಮಗನನ್ನು ಹತ್ತಿಸಿಬಿಡುವುದು, ಎಲ್ಲೂ ನಿಲ್ಲಿಸಬಾರದು ಎಂದು ಅವನು ಗಟ್ಟಿ ಮಾಡಿಕೊಂಡ. ಹುಡುಗ ದಪ್ಪವೋ ಸಣಕಲೋ ಎಂದು ವಿಚಾರಿಸಿದ್ದೂ ಕುದುರೆಗಾಗಿಯೇ, ನನಗಾಗಿ ಅಲ್ಲ. ನಾನಂತೂ ಮುಖವನ್ನೇ ನೋಡಿರಲಿಲ್ಲ. ಗೋನೆಗಂಡ್ಲ ಕಡೆಯವರು, ಮಾತಲ್ಲಿ ಅರ್ಧ ತೆಲುಗು, ಜೋರಿನ ಜನ ಎಂದು ಕೇಳಿ ಹೆದರಿದ್ದೆ.

ಆ ದಿನ ಕುದುರೆ ಹೊಲದಿಂದ ಚೆನ್ನಾಗಿಯೇ ನಡೆದು ಬಂತು. ಊರ ಹೆಂಗಸರು ಬಿಡಬೇಕಲ್ಲ! ಮದುಮಗನ ಕುದುರೆ ಓಣಿಗೆ ಬಂದರೆ ಮನೆಮನೆಯವರೂ ಅದರ ಕಾಲಿಗೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುವುದು ನಮ್ಮಲ್ಲಿಯ ಪದ್ಧತಿ. ತಮ್ಮ ಗಂಡಂದಿರನ್ನು ಹೊತ್ತು ತಂದ ಕುದುರೆ, ಇನ್ನೆಷ್ಟು ದಿನವೋ ಎಂದು ಅವತ್ತು ಒಬ್ಬರೂ ಬಿಟ್ಟುಕೊಡಲಿಲ್ಲ. "ಸಾಕ್ರಬೇ, ನಿಲ್ಲಸಬ್ಯಾಡ್ರಿ" ಎಂದು ತಾತ ಗೋಗರೆದ. ಯಾರು ಕೇಳುತ್ತಾರೆ? ತಣ್ಣೀರಲ್ಲಿ ನಿಂತು ನಿಂತು ಕಾಲು ಬಿಗಿಯಿತು.

ಮದುಮಗ ಹತ್ತಿ ಕೂತ. ನಾನು ಮಾಳಿಗೆಯ ಮೇಲಿಂದ ಕದ್ದು ನೋಡುತ್ತಿದ್ದೆ. ನಾಕು ಹೆಜ್ಜೆ ಹೋಗಿತ್ತೋ ಇಲ್ಲವೋ, ಕುದುರೆ ಎಲ್ಲರಿಗೂ ಕಾಣುವಂತೆ ಕುಂಟಿತು.

"ಏನ್ರಿ ಬೀಗ್ರ, ಕುಂಟಿ ಗುರ್ರಂ ತಂದು ನಿಲ್ಲಿಸೀರಿ? ಇದು ಶಕುನ ಏನ್ರಿ? ಬ್ಯಾರೆ ಕುದುರಿ ಬರಾಮಟ ನಾವು ಮುಂದಕ ಹೋಗಂಗಿಲ್ಲ" ಎಂದು ಮದುಮಗನ ದೊಡ್ಡಪ್ಪ ಓಣಿಯ ನಡುವೆ ನಿಂತುಬಿಟ್ಟ. ಬೇರೆ ಕುದುರೆ ಅಂದರೆ ಆದೋನಿಯಿಂದ ಬರಬೇಕು. ಅಷ್ಟರಲ್ಲಿ ಮುಹೂರ್ತವೇ ಮೀರಿಹೋಗುತ್ತಿತ್ತು. ಡೊಳ್ಳು ನಿಂತಿತು. ತಾತ ಲಗಾಮು ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಅವನು ಯಾರೆದುರೂ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಮದುಮಗ ಇಳಿದ. ಯಾರನ್ನೂ ಕೇಳಲಿಲ್ಲ. ಬಗ್ಗಿ ಕುದುರೆಯ ಕಾಲಿನ ಗಂಟು ಮುಟ್ಟಿ ನೋಡಿ, ತಾತನ ಕೈಯಿಂದ ಲಗಾಮು ತೆಗೆದುಕೊಂಡ.

"ದೊಡ್ಡಪ್ಪ, ಇದರ ಕಾಲು ನೋಯಾಕ ಹತ್ಯಾವ. ನನ್ನವು ಚೊಲೋ ಅದಾವ. ನಡಕೊಂತ ಹೋಗತೀನಿ" ಅಂದ.

ದೊಡ್ಡಪ್ಪ ತೆಲುಗಿನಲ್ಲಿ ಏನೇನೋ ಕೂಗಾಡಿದ. ಹುಡುಗ ಹೊರಟೇಬಿಟ್ಟ, ಕುದುರೆ ಎಷ್ಟು ನಿಧಾನವೋ ತಾನೂ ಅಷ್ಟೇ ನಿಧಾನ. ಡೊಳ್ಳಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಬಾರಿಸತೊಡಗಿದರು. ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ ತಾತ ಹಿಂದೆ ಹೋದ.

ಬಾಸಿಂಗ ಅಡ್ಡವಿದ್ದು ಅವರ ಮುಖ ನನಗೆ ಆಗಲೂ ಕಾಣಲಿಲ್ಲ. ನಾನು ಕೆಳಗಿಳಿದು ಬಂದು, "ಅಜ್ಜಿ, ಹೂವು ಮುಡಸು, ಹೊತ್ತಾತು" ಅಂದೆ.