ಸೂಪರ್‌ಹೀರೋಗೆ ಟೊಪ್ಪಿಗೆ

ಗೆಳೆಯರೇ, ಹೈದರಾಬಾದಿನಲ್ಲಿ ಕಾಮಿಕ್ಸ್ ಮೇಳ ಘೋಷಣೆಯಾದದ್ದೇ ತಡ, ಏಳು ತಿಂಗಳ ಮಗಳನ್ನು ಸೂಪರ್‌ಹೀರೋ ಮಾಡಿಯೇ ಕರೆದೊಯ್ಯಬೇಕೆಂದು ಕೆಂಪು ಕೇಪ್ ಹೊಲಿಯಲು ಕೊಟ್ಟಿದ್ದೆ. ಇವತ್ತು ಹುಮನಾಬಾದಿನ ಟೇಲರ್ ನನ್ನ ಕೈಗಿತ್ತದ್ದು ಟೊಪ್ಪಿಗೆ, ಜರಿ ಅಂಚು ಸಮೇತ ತಲೆಯಿಂದ ಬೆನ್ನಿಗೆ ಇಳಿಬೀಳುವ, ಕೂಸುಗಳ ಅಪ್ಪಟ ಕುಂಚಿಗೆ.

"ಮಾಸ್ತರ, ನಾ ಹೇಳಿದ್ದು ಬೆನ್ನ ಮ್ಯಾಲ ಹಾರಾಡೋ ಬಟ್ಟಿ. ಇದು ಹಾಕಿದ್ರ ತೊಟ್ಟಿಲದಾಗಿನ ಕೂಸಿನಂಗ ಕಾಣ್ತಾಳಲ್ರಿ?"

"ಕೂಸೇ ಅದಾಳಲ್ರಿ ಅಕ್ಕಾರ. ಬ್ಯಾಡಂದ್ರ ಟೊಪ್ಪಿಗಿ ಕತ್ತರಸ್ತೀನಿ. ಕಿವ್ಯಾಗ ಗಾಳಿ ಹೊಕ್ಕರ ನೀವs ಜಾಗರಣಿ ಮಾಡ್ರಿ."

ಮೊದಲೇ ನಿದ್ದೆಗೆಟ್ಟವಳು ನಾನು. ಕತ್ತರಿ ಕೆಳಗಿಡಿಸಿ, ಟೊಪ್ಪಿಗೆಗೆ ಇನ್ನೆರಡು ಲಾಡಿ ಹಚ್ಚಿಸಿಕೊಂಡು ಬಂದೆ.

ಇಷ್ಟೊಂದು ಸಿನಿಮಾ ನೋಡಿದ್ದೇನೆ, ಮೋಡದ ಮೇಲೆ ಹಾರುವವರ ಕಿವಿಯ ಚಿಂತೆ ನನಗೊಮ್ಮೆಯೂ ಆಗಿರಲಿಲ್ಲ. ಈಗ ಅದೂ ಶುರುವಾಗಿದೆ.