ಫೈರ್‌ವಾಲ್ ಮಾವ
ಬೀದಿಯವರೆಲ್ಲ ಫೈರ್‌ವಾಲ್ ಮಾವ ಎಂದು ಕರೆಯುವ ಈ ಮಹಾಶಯನಿಗೆ ಮನೆಬಾಗಿಲಿಗೆ ಚಿಲಕವಿಲ್ಲದಿದ್ದರೂ ನಿದ್ದೆ ಬಂದೀತು, ವೈಫೈಗೆ ಪಾಸ್‌ವರ್ಡ್ ಇಲ್ಲದೆ ಕಣ್ಣು ಮುಚ್ಚದು. ನೆಂಟರು ಚಪ್ಪಲಿ ಬಿಡುವ ಮೊದಲೇ, "ನಿಮ್ಮ ಫೋನು ಗೆಸ್ಟ್ ನೆಟ್‌ವರ್ಕಿಗೆ ಮಾತ್ರ, ಹೇಳಿಬಿಟ್ಟೆ!" ಎಂದು ಗುಡುಗುತ್ತಾನೆ. ರೂಟರನ್ನು ಹಸುಗೂಸಿನಂತೆ ಒರೆಸುತ್ತಾನೆ. ಅದರ ದೀಪ ಒಮ್ಮೆ ಮಿಟುಕಿದರೆ ಸಾಕು, ಹ್ಯಾಕರ್ ನುಗ್ಗಿದನೆಂದು ತೋಳೇರಿಸುತ್ತಾನೆ. "ಎನ್‌ಕ್ರಿಪ್ಶನ್ ಅಂದ್ರೆ ಮಾತಿಗೆ ಬೀಗ ಕಣಯ್ಯಾ! ಕದ್ದವನಿಗೆ ಸಿಗೋದು ಬರೀ ಗೋಜಲು!" ಎಂದು ಹಾಲಿನವನಿಗೂ ಪಾಠ. ಇಂಥವನು ಭಾನುವಾರ ಬಂತೆಂದರೆ ಪಾಸ್‌ವರ್ಡ್ ಬದಲಾಯಿಸಿ, ಹಿತ್ತಿಲಲ್ಲಿ ನಿಂತು, ಅಡುಗೆಮನೆಯ ಹೆಂಡತಿಗೆ ಗಂಟಲು ಹರಿಯುವಂತೆ ಕೂಗಿ ಹೇಳುತ್ತಾನೆ! "ಮೆಲ್ಲಗೆ ಹೇಳ್ರೀ, ಗೋಡೆಯಾಚೆ ನಿಮ್ಮ ತಮ್ಮನಿಗೆ ಕೇಳ್ಸುತ್ತೆ," ಎಂದು ಅವಳು ಅಂದರೆ, "ಕೇಳ್ಸಿದ್ರೇನು? ನಾನೇನು ಅವನಿಗೆ ಹೇಳ್ತಿದೀನಾ? ಅವನ ಜೊತೆ ಮಾತು ಬಿಟ್ಟು ವರ್ಷಗಳಾದ್ವು!" ಎಂದು ಸಿಡುಕಿ, ಮತ್ತೊಮ್ಮೆ ಒಂದೊಂದೇ ಅಕ್ಷರ ಬಿಡಿಸಿ ಕೂಗುತ್ತಾನೆ. ಮನೆ ಪಾಲಾದ ದಿನ ಮುನಿದ ಆ ತಮ್ಮ ಈಗ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದಾನೆ, ಬೇಸರ ಕಳೆಯಲು ಅವನಿಗೆ ಫೋನೊಂದೇ ಗತಿ ಎಂಬುದು ಬೀದಿಗೆಲ್ಲ ಗೊತ್ತು. ಕಳೆದ ಭಾನುವಾರ ಮಾವ ಕೂಗಿ ಮುಗಿಸಿ ಒಳಗೆ ತಿರುಗುವಷ್ಟರಲ್ಲಿ ಗೋಡೆಯಾಚೆಯಿಂದ ಅಳುಕುತ್ತಲೇ ಒಂದು ದನಿ ಬಂತು: "ಅಣ್ಣಾ, ಕೊನೇ ಅಕ್ಷರ ಕ್ಯಾಪಿಟಲ್ಲೋ, ಸ್ಮಾಲೋ?" ಹೆಂಡತಿ ಸೌಟು ಹಿಡಿದೇ ಹೊರಗೋಡಿ ಬಂದಳು. ಮಾವ ಮೂಗೊರೆಸಿಕೊಂಡು, ಗೋಡೆಗೆ ಬಾಯಿಟ್ಟು ಗದರಿದ: "ಕ್ಯಾಪಿಟಲ್ ಕಣೋ, ಪೆದ್ದ! ಎಷ್ಟು ಸಲ ಕೂಗ್ಬೇಕೋ ನಿಂಗೆ!"